ಹಣಮಂತ್ರಾಯನ ಗಾಳಿ ಲೆಕ್ಕ

ಹಣಮಂತ್ರಾಯ ಅಂದು ಬೆಳಿಗ್ಗೆ ಫೋನಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡದೆ ಇದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ಶಹಾಪುರದ ಆ ಹೊಸ ಹಾಸ್ಟೆಲ್ಲಿನ ಅಂಗಳದಲ್ಲಿ ಸಿಗ್ನಲ್ಲು ಸಿಗುತ್ತಿದ್ದುದು ಬೇವಿನ ಮರದ ಬುಡದಲ್ಲಿ ಮಾತ್ರ, ಅದೂ ಒಂದು ಕಾಲನ್ನು ಕಟ್ಟೆಯ ಮೇಲಿಟ್ಟು ನಿಂತರೆ. ಅವನು ಹಾಗೇ ನಿಂತು, ಯಾದಗಿರಿಯಲ್ಲಿದ್ದ ತನ್ನ ಸಾಹೇಬರಿಗೆ ಫೋನಿಲ್ಲದಿದ್ದರೂ ಕೇಳಿಸುವಷ್ಟು ಜೋರಾಗಿ ಹೇಳಿದ:

“ಗಾಳಿ ಅದ ಸರ್, ಇಲ್ಲಂತಲ್ಲ. ಆದ್ರ ಹನ್ನೆರಡು ಹುಡಿಗ್ಯಾರಿಗಷ್ಟೇ ತಾಕ್ತದ. ಇಪ್ಪತ್ನಾಕು ಮಂದಿಗೂ ತಾಕಬೇಕಂದ್ರ ಇನ್ನಾ ಗಾಳಿ ಒಳಗ ಬಿಡಬೇಕಾಗ್ತದ. ಹೌದ್ರಿ, ಸಂಜಿ ನಾಕರೊಳಗ ಪೂರಾ ವ್ಯವಸ್ಥಾ ಮಾಡ್ತೀನ್ರಿ.”

ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಡುಗೆಯ ದೇವಕಮ್ಮನ ಕೈ ಅಲ್ಲೇ ನಿಂತಿತು.

ಆ ಕಡೆಯ ಮಾತಿನಲ್ಲಿ ಗಾಳಿ ಎಂದರೆ ಎಲೆ ಅಲುಗಿಸುವ ಗಾಳಿ ಒಂದೇ ಅಲ್ಲ. ಮಟಮಟ ಮಧ್ಯಾಹ್ನದಲ್ಲಿ ಹುಣಸೆಮರದ ಕೆಳಗೆ ಒಂಟಿಯಾಗಿ ಹಾದುಹೋದವರನ್ನು ಹಿಡಿದುಕೊಳ್ಳುವುದೂ ಗಾಳಿಯೇ. ದೇವಕಮ್ಮನ ತಂಗಿಗೆ ಹುಡುಗಿಯಾಗಿದ್ದಾಗ ಒಮ್ಮೆ ಗಾಳಿ ಬಡಿದು, ಅವಳು ಮೂರು ತಿಂಗಳು ಊಟ ಬಿಟ್ಟು ಗೋಡೆ ನೋಡುತ್ತ ಕುಳಿತಿದ್ದಳು. ಅವಳಿಗೆ ಅನ್ನ ಕಲಸಿ ತಿನ್ನಿಸಿದ ಕೈಯೇ ಈಗ ಮೊರ ಹಿಡಿದಿತ್ತು. ಸೋಮವಾರದಿಂದ ಈ ಹಾಸ್ಟೆಲ್ಲಿಗೆ ಬರಲಿದ್ದ ಇಪ್ಪತ್ತನಾಲ್ಕು ಹುಡುಗಿಯರಲ್ಲಿ ನಾಲ್ವರು ಅವಳ ಊರಿನವರೇ. ಅವಳು ಹೆದರಿದ್ದರಲ್ಲಿ ತಪ್ಪೇನಿಲ್ಲ.

ಹಣಮಂತ್ರಾಯನ ಮಾತಿನಲ್ಲೂ ತಪ್ಪಿರಲಿಲ್ಲ. ಅವನು ಯಾದಗಿರಿಯ ಒಂದು ಸಣ್ಣ ಕನ್ಸಲ್ಟೆಂಟ್ ಆಫೀಸಿನಲ್ಲಿ ಆರು ವರ್ಷದಿಂದ ಟೆಂಪರರಿ ಇಂಜಿನಿಯರು. ಆ ಆಫೀಸಿನ ಫಲಕದ ಮೇಲೆ ಕಾಯಂ ಆದವರ ಹೆಸರು ಬಣ್ಣದಲ್ಲಿತ್ತು, ಇವನ ಹೆಸರು ಸೀಮೆಸುಣ್ಣದಲ್ಲಿತ್ತು. ಮಳೆಗಾಲದಲ್ಲಿ ಇವನೇ ಕುರ್ಚಿ ಹಾಕಿಕೊಂಡು ಹತ್ತಿ ಮತ್ತೆ ಮತ್ತೆ ಬರೆಯುತ್ತಿದ್ದ. ಹಾಸ್ಟೆಲ್ಲಿಗೆ ‘ಹಸಿರು ಕಟ್ಟಡ’ ಎಂಬ ಪ್ರಮಾಣಪತ್ರ ಬಂದ ದಿನ ಅವನನ್ನು ಕಾಯಂ ಮಾಡುವುದಾಗಿ ಸಾಹೇಬರು ಎರಡು ಸಲ ಹೇಳಿದ್ದರು, ಅದರಲ್ಲಿ ಒಂದು ಸಲ ಸಾಕ್ಷಿಗಳ ಎದುರಿಗೆ.

ಹಸಿರು ಕಟ್ಟಡವೆಂದರೆ ಬಿಸಿಲು, ನೀರು, ಗಾಳಿ ಇವನ್ನು ಹಾಳುಮಾಡದೆ, ಒಳಗಿರುವವರನ್ನು ನೆಮ್ಮದಿಯಾಗಿಡುವ ಕಟ್ಟಡ. ಹಾಸ್ಟೆಲ್ ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಕನ್ನಡ ಮಾಸ್ತರರಾದ ಗುರಣ್ಣನವರು ಹೆಸರು ಕೇಳಿದ ಮರುದಿನವೇ ಮುಂಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿಸಿ ನಿಂತಿದ್ದರು. ಅದಲ್ಲವೆಂದು ಹೇಳಲು ಹಣಮಂತ್ರಾಯನಿಗೆ ಮನಸ್ಸಾಗದೆ, “ಬಣ್ಣ ಚಲೋ ಅದ ಮಾಸ್ತರ” ಎಂದಷ್ಟೇ ಹೇಳಿದ್ದ.

ಬಿಸಿಲು, ನೀರು ಎರಡರ ಪರೀಕ್ಷೆಯೂ ಮುಗಿದಿತ್ತು. ಉಳಿದದ್ದು ಗಾಳಿ. ಮಲಗುವ ಹಾಲಿನಲ್ಲಿ ಒಬ್ಬೊಬ್ಬ ಹುಡುಗಿಗೂ ಇಷ್ಟು ಹೊಸ ಗಾಳಿ ಬರಬೇಕೆಂಬ ನಿಯಮವಿದೆ. ಹಾಲಿಗೆ ಎಂಟು ಕಿಟಕಿ. ಒಂದು ಕಿಟಕಿ ಪೂರ್ತಿ ತೆರೆದರೆ, ಸೊಳ್ಳೆ ಜಾಲಿಯಲ್ಲಿ ಕಳೆಯುವುದನ್ನು ಕಳೆದು, ಮೂವರಿಗೆ ಸಾಕಾಗುವಷ್ಟು ಗಾಳಿ. ಎಂಟು ಮೂರಲೆ ಇಪ್ಪತ್ತನಾಲ್ಕು. ನಕ್ಷೆಯಲ್ಲಿ ಲೆಕ್ಕ ಹಾಲಿನಷ್ಟು ಶುದ್ಧವಾಗಿತ್ತು. ಆದರೆ ಆ ಬೆಳಿಗ್ಗೆ ಹಣಮಂತ್ರಾಯ ಬಂದು ನೋಡಿದರೆ ಎಂಟಕ್ಕೆ ಎಂಟೂ ಸರಿಸುವ ಕಿಟಕಿಗಳು. ಎಷ್ಟು ಸರಿಸಿದರೂ ಅರ್ಧ ತೆರೆಯುತ್ತವೆ, ಅರ್ಧ ಮುಚ್ಚಿಯೇ ಇರುತ್ತವೆ. ಪರೀಕ್ಷೆಗೆ ಬರುವ ಮೇಡಂ ಸಂಜೆ ನಾಲ್ಕಕ್ಕೆ ಬರುವವರಿದ್ದರು.

ಫೋನು ಇಟ್ಟಮೇಲೆ ಅವನು ಕಿಟಕಿ ಮಾಡಿದ ಸಿಕಂದರನನ್ನು ಕರೆಸಿದ. ಸಿಕಂದರನ ವೆಲ್ಡಿಂಗ್ ಅಂಗಡಿಯೂ ಮನೆಯೂ ಹಾಸ್ಟೆಲ್ಲಿನ ಪಕ್ಕದಲ್ಲೇ. ಕೈ ಒರೆಸಿಕೊಳ್ಳುತ್ತ ಬಂದ ಅವನು ಕಿಟಕಿಯೊಂದನ್ನು ಒಂದೇ ಬೆರಳಿನಿಂದ ಸರಿಸಿ ತೋರಿಸಿದ.

“ನೋಡ್ರಿ ಸಾಹೇಬ್ರ, ಬೆಣ್ಣಿ ಸರದಂಗ ಸರೀತದ.”

“ಬೆಣ್ಣಿ ಬ್ಯಾಡಪಾ ನಂಗ. ನಕ್ಷಾದಾಗ ಪೂರಾ ತೆರಿಯೋ ಕಿಡಕಿ ಅವ. ನೀ ಇವು ಯಾಕ ಹಚ್ಚಿದಿ?”

“ಕೆನಾಲ್ ಬಂದ ಮ್ಯಾಲ ಶಹಾಪುರದಾಗ ಕಿಡಕಿ ಪೂರಾ ತೆರದು ಮಲಗೋ ಧೈರ್ಯ ಯಾರಿಗದ ಹೇಳ್ರಿ. ಸುತ್ತ ಭತ್ತದ ಗದ್ದಿ. ಒಂದೊಂದು ಗುಂಗಾಡ ಸೊಳ್ಳಿ ಗುಬ್ಬಿಮರಿ ಇದ್ದಂಗ ಅದ. ಹುಡಿಗ್ಯಾರಿಗಿ ಕಡದಾವು ಅಂತ ಅರ್ಧ ಜಾಲಿ, ಅರ್ಧ ಗಾಜು ಮಾಡ್ದೆ. ಕೇಳಿದ್ದರಕಿಂತ ಚಲೋ ಮಾಡ್ದೆ ಅನಕೊಂಡಿದ್ದೆ ನಾ.”

ಅವನು ಒಳ್ಳೆಯದನ್ನೇ ಎಣಿಸಿದ್ದ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಹಣಮಂತ್ರಾಯನಿಗೆ ಸಿಟ್ಟು ಮಾಡಲಾಗಲಿಲ್ಲ. ಅವನು ಸಿಕಂದರನ ಪಕ್ಕದಲ್ಲಿ ನಿಂತು ಹೊರಗೆ ಬಯಲಿನ ಕಡೆ ಕೈ ತೋರಿಸಿದ.

“ಕೆನಾಲಿನ ತೂಬು ಅರ್ಧ ಇಳಿಸಿದ್ರ ಹೊಲಕ್ಕ ನೀರು ಪೂರಾ ಬರ್ತದೇನು?”

“ಎಲ್ಲಿ ಬರ್ತದ್ರಿ.”

“ಕಿಡಕೀನೂ ತೂಬೇ. ನೀ ಅರ್ಧ ಇಳಿಸಿ ಕುಂತಿ.”

ಸಿಕಂದರ ಎಂಟು ಕಿಟಕಿಗಳನ್ನೂ ಒಂದು ಸುತ್ತು ನೋಡಿದ. “ಅಂದ್ರ ಆ ಕಡಿ ಸಾಲಿನ್ಯಾಗ ಮಲಗೋ ಹನ್ನೆರಡು ಹುಡಿಗ್ಯಾರು ಟೇಲೆಂಡಿನ ರೈತರಾದ್ರು ಅನ್ರಿ” ಎಂದ. ಅವನ ಅಪ್ಪ ಕಾಲುವೆಯ ಕೊನೆಯಂಚಿನಲ್ಲಿ ಹೊಲ ಮಾಡಿ, ಬಾರದ ನೀರಿಗೆ ಜೀವಮಾನವಿಡೀ ಕಾದವನು. ಮುಂದೆ ಹೇಳುವುದೇ ಬೇಕಾಗಲಿಲ್ಲ.

“ಅಂಗಡ್ಯಾಗ ರೈಸ್ ಮಿಲ್ಲಿನವರವು ಎಂಟು ಕಿಡಕಿ ತಯಾರ ಅವ. ಬಾಗಲಾ ತೆರದಂಗ ಪೂರಾ ತೆರೀತಾವ, ಜಾಲೀನೂ ಪೂರಾ ಅದ. ಅವನ್ನ ತಂದು ಇಲ್ಲಿ ಹಚ್ಚತೀನಿ, ಮಿಲ್ಲಿನವರಿಗಿ ಕೈಕಾಲು ಹಿಡದು ಹೇಳಕೋತೀನಿ.”

“ಅಳತಿ ಕೂಡಬೇಕಲ್ಲೋ?”

“ನಾ ಹುಟ್ಟಿದಾಗಿಂದ ಒಂದೇ ಅಳತಿ ಮಾಡೀನ್ರಿ ಸಾಹೇಬ್ರ. ನಾಕು ಬೈ ಮೂರು. ಬ್ಯಾರೇದು ನಂಗ ಬರಂಗಿಲ್ಲ.”

ಹಣಮಂತ್ರಾಯನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಸಿಕಂದರ ಮೊದಲ ಕಿಟಕಿಯನ್ನು ಕಿತ್ತು ಕೆಳಗಿಟ್ಟಾಗಿತ್ತು.

ಹನ್ನೊಂದು ಗಂಟೆಗೆ ನಾಲ್ಕು ಕಿಟಕಿ ಕೂತಿದ್ದವು. ಹಣಮಂತ್ರಾಯ ಚೀಲದಿಂದ ಅಂಗೈಯಗಲದ ಒಂದು ಯಂತ್ರವನ್ನು ಹೊರತೆಗೆದ. ಅದರ ತುದಿಯಲ್ಲಿ ಒಂದು ಪುಟ್ಟ ಫ್ಯಾನು, ಗಾಳಿ ಬೀಸಿದಷ್ಟು ತಿರುಗಿ ಅಂಕಿ ತೋರಿಸುತ್ತದೆ. ಅದನ್ನು ಮುಂದೆ ಹಿಡಿದುಕೊಂಡು, ಬೆಕ್ಕಿನಂತೆ ಹೆಜ್ಜೆಯಿಡುತ್ತ ಅವನು ಮೂಲೆ ಮೂಲೆಗೂ ಹೋಗತೊಡಗಿದ. ಕೆಲಸ ಮಾಡುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ಅವನ ಅಭ್ಯಾಸ.

“ಇಲ್ಲಿ ಇಲ್ಲ... ಇಲ್ಲೂ ಇಲ್ಲ... ಹಾಂ, ಬಂತು ಬಂತು. ಬಚ್ಚಲದ ಕಡಿ ಮೂಲ್ಯಾಗ ಭಾಳ ಅದ.”

ಬಾಗಿಲ ಮರೆಯಲ್ಲಿ ನಿಂತಿದ್ದ ದೇವಕಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆದರೂ ಧೈರ್ಯ ಮಾಡಿ ಕೇಳಿದಳು:

“ಯಪ್ಪಾ, ಅದು ಹೆಣ್ಣೋ ಗಂಡೋ?”

ಹಣಮಂತ್ರಾಯ ಯಂತ್ರದಿಂದ ಕಣ್ಣು ತೆಗೆಯದೆ, “ಎಲ್ಲಾ ಹೆಣ್ಣೇ ಯಕ್ಕಾ, ಹುಡಿಗ್ಯಾರ ಹಾಸ್ಟೆಲ್ ಅಲ್ಲೇನು?” ಎಂದ.

ದೇವಕಮ್ಮ ಮತ್ತೆ ಅಲ್ಲಿ ನಿಲ್ಲಲಿಲ್ಲ. ಅನ್ನದ ಪಾತ್ರೆಯನ್ನು ಒಲೆಯ ಮೇಲೆ ಹಾಗೇ ಬಿಟ್ಟು, ತನ್ನ ಊರಿನ ನಾಲ್ಕು ಹುಡುಗಿಯರ ಮನೆಗೆ ಒಂದಾದ ಮೇಲೊಂದು ಫೋನು ಮಾಡಿದಳು. ಅವಳು ಹೇಳಿದ್ದು ಇಷ್ಟೇ: ಹಾಸ್ಟೆಲ್ಲಿನ್ಯಾಗ ಗಾಳಿ ಅದ, ಇಂಜಿನಿಯರ್ ಮಷಿನ್ ಹಿಡದು ಎಣಸಾಕತ್ತಾನ. ಪಾಪ, ಒಂದಕ್ಷರವನ್ನೂ ಸೇರಿಸಿ ಹೇಳಲಿಲ್ಲ.

ಒಳಗೆ ಯಂತ್ರ ಆರನೆಯ ಕಿಟಕಿಯ ಹತ್ತಿರ ಒಮ್ಮೆ ಕೀಂಕ್ ಎಂದು ಸುಮ್ಮನಾಯಿತು. ಸೆಲ್ಲು ಮುಗಿದಿತ್ತು. ಅಂಥ ಸೆಲ್ಲು ಯಾದಗಿರಿಯಲ್ಲೇ ಒಂದು ಅಂಗಡಿಯಲ್ಲಿ ಸಿಗುವುದು. ಹಣಮಂತ್ರಾಯ ತಲೆಯ ಮೇಲೆ ಕೈಹೊತ್ತು ಕುಳಿತಿರುವಾಗ ಮಗ ಸಿಕಂದರನಿಗೆ ಚಹಾ ತಂದ ಹಜರಾಬಿ, ಒಂದು ಬಟ್ಟಲನ್ನು ಇವನ ಮುಂದೂ ಇಟ್ಟು, ಏನಾಯಿತೆಂದು ವಿಚಾರಿಸಿದಳು.

“ಗಾಳಿ ಯಾವ ಕಿಡಕಿಂದ ಬರ್ತದ, ಯಾವ ಕಿಡಕಿಂದ ಹೋಗ್ತದ ನೋಡಬೇಕಿತ್ತಮ್ಮಾ. ಮಷಿನ್ ಸತ್ತದ.”

“ಇಷ್ಟೇ ಏನು ಬೇಟಾ? ಕಣ್ಣಿಗಿ ಕಾಣದ್ದು ನೋಡಾಕ ಮಷಿನ್ ಯಾಕ? ಹೊಗಿ ಹಾಕು, ಅದು ಹೋದ ದಾರಿನೇ ದಾರಿ.”

ಅವಳು ಮನೆಗೆ ಹೋಗಿ ಕೆಂಡ ತುಂಬಿದ ಲೋಬಾನದಾನಿ ತಂದಳು. ಕೆಂಡದ ಮೇಲೆ ಲೋಬಾನದ ಪುಡಿ ಉದುರಿಸಿದೊಡನೆ ಬಿಳಿಯ ಹೊಗೆ ಎದ್ದು, ಒಂದು ಗಳಿಗೆ ಯೋಚಿಸಿ, ಉತ್ತರದ ಕಿಟಕಿಗಳ ಕಡೆ ಸಾಲಾಗಿ ನಡೆಯಿತು. ಹಣಮಂತ್ರಾಯನ ಪುಸ್ತಕದಲ್ಲೂ ಹೊಗೆಯ ಪರೀಕ್ಷೆ ಎಂಬುದೊಂದಿತ್ತು, ಆದರೆ ಅದು ಇಷ್ಟು ಚಂದವಾಗಿರುತ್ತದೆಂದು ಪುಸ್ತಕ ಹೇಳಿರಲಿಲ್ಲ. ಎಪ್ಪತ್ತು ವರ್ಷದ ಹಜರಾಬಿ ಸೊಂಟದ ನೋವನ್ನು ಮರೆತು ಹಾಲಿನ ಉದ್ದಕ್ಕೂ ಲೋಬಾನ ಹಿಡಿದು ನಡೆದಳು. ಇವನು ಹಿಂದೆ ಹಿಂದೆ ನಡೆಯುತ್ತ ಗಡಿಯಾರ ನೋಡಿ ಬರೆದುಕೊಂಡ. ಒಂದು ಗಂಟೆಗೆ ಎಂಟನೆಯ ಕಿಟಕಿಯೂ ಕೂತಿತು. ಹೊಗೆ ದಕ್ಷಿಣದ ನಾಲ್ಕರಿಂದ ಒಳಗೆ ತಿರುಗಿ, ಮಲಗುವ ಇಪ್ಪತ್ತನಾಲ್ಕು ಹೊರಸುಗಳ ಮೇಲೂ ಹಾದು, ಉತ್ತರದ ನಾಲ್ಕರಿಂದ ಬುಸುಬುಸು ಹೊರಬಿತ್ತು. ಎಂಟು ಮೂರಲೆ ಇಪ್ಪತ್ತನಾಲ್ಕು.

ಆ ಹೊಗೆ ಬೀದಿಗೆ ಕಾಣುತ್ತಿತ್ತು ಎನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಾಸ್ಟೆಲ್ಲಿನಲ್ಲಿ ಗಾಳಿ ಇದೆಯಂತೆ ಎಂದು ಕೇಳಿದ್ದವರು, ದೆವ್ವ ಬಿಡಿಸುವಾಗ ಹಾಕುವ ಲೋಬಾನದ ಹೊಗೆ ಉತ್ತರದ ನಾಲ್ಕೂ ಕಿಟಕಿಯಿಂದ ಬರುವುದನ್ನು ನೋಡಿದ ಮೇಲೆ, ಇದೆಯಂತೆ ಎನ್ನುವುದನ್ನು ಬಿಟ್ಟು ಇದೆ ಎನ್ನತೊಡಗಿದರು.

ನಾಲ್ಕು ಮನೆಗೆ ಹೋದ ಸುದ್ದಿ ಇಪ್ಪತ್ತನಾಲ್ಕು ಮನೆಗೂ ಮುಟ್ಟಿ, ಎರಡು ಗಂಟೆಯ ಹೊತ್ತಿಗೆ ಗೇಟಿನಲ್ಲಿ ಮೂವತ್ತು ಜನ ಸೇರಿದ್ದರು. ವಡಗೇರಾ ಕಡೆಯಿಂದ ಟಂಟಂ ಆಟೋದಲ್ಲಿ ಬಂದವರು, ಸುರಪುರದ ಬಸ್ಸಿಳಿದು ನೇರ ನಡೆದು ಬಂದವರು, ಎಲ್ಲರೂ ಹುಡುಗಿಯರ ತಂದೆತಾಯಿಗಳು. ಮುಂದೆ ನಿಂತಿದ್ದವನು ಅಯ್ಯಪ್ಪ. ಅವನ ಮಗಳು ದಿನಾ ಐದಕ್ಕೆ ಎದ್ದು, ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಕಾಲೇಜಿಗೆ ಬರುತ್ತಿದ್ದವಳು. ಹಾಸ್ಟೆಲ್ಲು ಸಿಕ್ಕಿತೆಂದು ಅವನು ಮಗಳಿಗೆ ಹೊಸ ಟ್ರಂಕು ತಂದು ನಿನ್ನೆಯೇ ಇಲ್ಲಿ ಇಟ್ಟು ಹೋಗಿದ್ದ.

ಹಣಮಂತ್ರಾಯ ಹಣೆಯ ಬೆವರೊರೆಸುತ್ತ, ಗೆದ್ದ ಮುಖ ಹೊತ್ತು ಹೊರಗೆ ಬಂದ.

“ಸಾಹೇಬ್ರ, ಖರೇ ಹೇಳ್ರಿ. ಒಳಗ ಗಾಳಿ ಅದನೋ ಇಲ್ಲೋ?” ಅಯ್ಯಪ್ಪ ಕೇಳಿದ.

ಗಾಳಿಯ ಬಗ್ಗೆ ಹಳ್ಳಿಯ ತಂದೆಯೊಬ್ಬ ಇಷ್ಟು ಕಾಳಜಿಯಿಂದ ಕೇಳುತ್ತಿರುವುದನ್ನು ಕಂಡು ಹಣಮಂತ್ರಾಯನ ಎದೆ ತುಂಬಿ ಬಂತು.

“ಅದ್ರಿ ಯಜಮಾನ್ರ. ಮುಂಜಾನಿ ಹನ್ನೆರಡು ಮಂದಿಗಷ್ಟೇ ಇತ್ತು. ಈಗ ಇಪ್ಪತ್ನಾಕು ಮಂದಿಗೂ ತಾಕೋ ಹಂಗ ಮಾಡೀನಿ. ಒಂದು ಹೊರಸು ಬಿಟ್ಟಿಲ್ಲ ನೋಡ್ರಿ. ದಕ್ಷಿಣದ ಕಡಿಯಿಂದ ನಾನೇ ಒಳಗ ಬಿಟ್ಟೀನಿ.”

ಅಯ್ಯಪ್ಪ ನೇರ ಒಳಗೆ ಹೋಗಿ ಮಗಳ ಟ್ರಂಕನ್ನು ಹೆಗಲಿಗೇರಿಸಿಕೊಂಡು ಹೊರಗೆ ಬಂದ. ಅವನ ಹಿಂದೆ ಇನ್ನೊಬ್ಬ ಹಾಸಿಗೆಯ ಸುರುಳಿ ಹೊತ್ತು ಬಂದ. ಗುರಣ್ಣ ಮಾಸ್ತರರು ಹಾಜರಿ ಪುಸ್ತಕ ಎದೆಗವಚಿಕೊಂಡು ಓಡಿ ಬಂದು ಹಣಮಂತ್ರಾಯನನ್ನು ಬೇವಿನ ಮರದ ಕೆಳಗೆ ಎಳೆದರು.

“ಏನು ಹೇಳ್ದೆಪಾ ನೀ ಅವರಿಗಿ? ಹದಿನೈದು ಹೆಸರು ತಗಸ್ಯಾರ. ಗಾಳಿ ಅಂದ್ರ ಅವ್ರು ದೆವ್ವ ಅಂತ ತಿಳಕೊಂಡಾರ.”

ಹಣಮಂತ್ರಾಯ ಬೆಳಗಿನಿಂದ ತಾನಾಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆದ. ಪ್ರತಿಯೊಂದು ನೆನಪಾದಾಗಲೂ ಅವನ ಮುಖ ಒಂದೊಂದು ಸುತ್ತು ಸಣ್ಣದಾಯಿತು. ಆಮೇಲೆ ಗೇಟಿಗೆ ಓಡಿ ಕೈಮುಗಿದ.

“ಆ ಗಾಳಿ ಅಲ್ರಪಾ. ನಾ ಹೇಳಿದ್ದು ಉಸುರಾಡೋ ಗಾಳಿ.”

“ಉಸುರಿನ್ಯಾಗೇ ಹೊಕ್ಕೋತದೇನು?” ಹಿಂದಿನಿಂದ ಒಬ್ಬ ತಾಯಿ ಕೇಳಿದಳು. ಇನ್ನೂ ಇಬ್ಬರು ಹಾಸಿಗೆ ತರಲು ಒಳಗೆ ಹೋದರು.

ಗುರಣ್ಣ ಮಾಸ್ತರರಿಗೆ ಮೂವತ್ತೈದು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ಅನುಭವವಿತ್ತು. ಬಾಯಿಮಾತಿಗೆ ಬಗ್ಗದವರು ಬರಹಕ್ಕೆ ಬಗ್ಗುತ್ತಾರೆಂದು ಅವರಿಗೆ ಗೊತ್ತಿತ್ತು. ಒಂದು ದೊಡ್ಡ ಹಾಳೆ ತಂದು, ಕರಿಹಲಗೆಯ ಮೇಲಿನಂತೆ ಮುದ್ದಾದ ಅಕ್ಷರದಲ್ಲಿ ಬರೆದರು: ‘ಈ ಕಟ್ಟಡವನ್ನು ಯಂತ್ರದ ಮೂಲಕ ಮೂಲೆಮೂಲೆಯೂ ಪರೀಕ್ಷಿಸಲಾಗಿದೆ. ಇಲ್ಲಿ ಯಾವ ಗಾಳಿಯೂ ಇರುವುದಿಲ್ಲ.’

“ಸಹಿ ಮಾಡು.”

“ಮಾಸ್ತರ, ಇದು...”

“ಹದಿನೇಳು ಹೆಸರು ಹೋಗ್ಯಾವ ತಮ್ಮಾ. ಸೋಮವಾರ ಮತ್ತ ಆ ಹುಡಿಗ್ಯಾರು ಐದಕ್ಕ ಎದ್ದು ಬಸ್ಸಿಗಿ ನಿಲ್ಲಬೇಕು. ಮಾಡು. ಶಿಕ್ಕಾನೂ ಹೊಡಿ. ಶಿಕ್ಕಾ ಇಲ್ಲದ ಕಾಗದ ನಮ್ಮ ಮಂದಿ ನಂಬಂಗಿಲ್ಲ.”

ಟ್ರಂಕು ಹೊತ್ತು ನಿಂತಿದ್ದ ಅಯ್ಯಪ್ಪನ ಕಡೆ ನೋಡಿ ಹಣಮಂತ್ರಾಯ ಸಹಿ ಮಾಡಿದ. ಚೀಲದಿಂದ ರಬ್ಬರ್ ಸ್ಟ್ಯಾಂಪ್ ತೆಗೆದು, ಉಸಿರು ಬಿಟ್ಟು ಹಸಿಮಾಡಿ ಒತ್ತಿದ. ಮಾಸ್ತರರು ಅದನ್ನು ಗಿಳಿಹಸಿರು ಬಾಗಿಲಿಗೆ ಅಂಟಿಸಿ, ಗಟ್ಟಿಯಾಗಿ ಎರಡು ಸಲ ಓದಿ, ಫೋಟೋ ತೆಗೆದು ತಮಗೆ ಗೊತ್ತಿದ್ದ ಎಲ್ಲ ಊರಿನ ವಾಟ್ಸಾಪ್ ಗುಂಪುಗಳಿಗೂ ಕಳಿಸಿದರು. ಅಯ್ಯಪ್ಪ ಶಿಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೆರಳಿಗೆ ನೀಲಿ ಹತ್ತಿತು. ಟ್ರಂಕನ್ನು ಕೆಳಗಿಟ್ಟ. ಆದರೂ ಯಾರೂ ಮನೆಗೆ ಹೋಗಲಿಲ್ಲ. ನಾಲ್ಕಕ್ಕೆ ಇನ್ನೂ ದೊಡ್ಡ ಅಧಿಕಾರಿ ಬರುತ್ತಾರಂತೆ, ಅವರ ಬಾಯಿಂದಲೂ ಒಂದು ಮಾತು ಕೇಳಿಕೊಂಡೇ ಹೋಗೋಣವೆಂದು ಕಟ್ಟೆಯ ಮೇಲೆ ಕುಳಿತರು. ದೇವಕಮ್ಮ ತಳ ಹಿಡಿದ ಅನ್ನದಲ್ಲಿ ಚೆನ್ನಾಗಿದ್ದದ್ದನ್ನೆಲ್ಲ ಮೇಲಿನಿಂದ ತೆಗೆದು ಅವರಿಗೆಲ್ಲ ಬಡಿಸಿದಳು, ಕರಕನ್ನು ತನಗೆ ಇಟ್ಟುಕೊಂಡಳು.

ನಾಲ್ಕಕ್ಕೆ ಸರಿಯಾಗಿ ಕಾರು ಬಂತು. ಪರೀಕ್ಷೆಯ ಮೇಡಂ ರತ್ನಾಬಾಯಿ ಇಳಿದರು. ತೆಳ್ಳಗಿನ ಕನ್ನಡಕ, ತೆಳ್ಳಗಿನ ಫೈಲು, ಅಳೆದು ತೂಗಿದ ಮಾತು. ಬಾಗಿಲವರೆಗೆ ಬಂದವರು ಅಲ್ಲೇ ನಿಂತು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು.

“ಹಣಮಂತ್ರಾಯ ಎಂದರೆ ನೀವೇನಾ?”

“ಹೌದ್ರಿ ಮೇಡಂ.”

“ನಾನು ಕಲಬುರಗಿಯಿಂದ ಬಂದಿರುವುದೇ ಈ ಕಟ್ಟಡದಲ್ಲಿ ಗಾಳಿ ಎಷ್ಟಿದೆ ಎಂದು ನೋಡುವುದಕ್ಕೆ. ಯಾವ ಗಾಳಿಯೂ ಇಲ್ಲ ಎಂದು ನೀವೇ ಸಹಿ ಮಾಡಿ, ಮೊಹರು ಒತ್ತಿ, ಬಾಗಿಲಿಗೆ ಅಂಟಿಸಿದ್ದೀರಿ. ಹೀಗೆ ನೇರವಾಗಿ ಒಪ್ಪಿಕೊಂಡವರನ್ನು ನಾನು ಈವರೆಗೆ ನೋಡಿಲ್ಲ. ಈಗ ಬಾಯಲ್ಲೇ ಹೇಳಿಬಿಡಿ. ಒಳಗೆ ಗಾಳಿ ಇದೆಯೋ, ಇಲ್ಲವೋ?”

ಕಟ್ಟೆಯ ಮೇಲೆ ಕುಳಿತಿದ್ದ ಮೂವತ್ತು ಜನ ಎದ್ದು ನಿಂತರು. ಅಯ್ಯಪ್ಪನ ಕೈ ಟ್ರಂಕಿನ ಹಿಡಿಕೆಗೆ ಹೋಯಿತು.

ಇದೆ ಎಂದರೆ ಹುಡುಗಿಯರು ಹೋಗುತ್ತಾರೆ. ಇಲ್ಲ ಎಂದರೆ ಪ್ರಮಾಣಪತ್ರ ಹೋಗುತ್ತದೆ, ಅದರ ಹಿಂದೆಯೇ ತನ್ನ ಕಾಯಂ ನೌಕರಿ. ಹಣಮಂತ್ರಾಯ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಸಿಕಂದರನ ಹಳೆಯ ಕಿಟಕಿಯಂತೆ ಅದು ಅರ್ಧಕ್ಕೇ ನಿಂತಿತು.

ಲೋಬಾನದಾನಿ ಹಿಡಿದು ಗೋಡೆಗೊರಗಿ ಕುಳಿತಿದ್ದ ಹಜರಾಬಿಗೆ ಆ ಸಂಕಟ ನೋಡಲಾಗಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

“ಬೇಟಿ, ಅವನಿಗಿ ಯಾಕ ಕಾಡ್ತಿ? ಗಾಳಿ ಇಲ್ಲ, ಹವಾ ಅದ. ನಾ ಮುಂಜಾನಿಂದ ಹೊಗಿ ಹಿಡದು ನೋಡೀನಿ. ಮಸ್ತ ಹವಾ ಅದ.”

ಹವಾ. ಅಷ್ಟೂ ಜನ ಹುಟ್ಟಿದಂದಿನಿಂದ ಆಡುತ್ತಿದ್ದ ಮಾತು. ಹವಾ ಯಾರಿಗೂ ಬಡಿದದ್ದಿಲ್ಲ, ಯಾರನ್ನೂ ಹಿಡಿದದ್ದಿಲ್ಲ. ಸೈಕಲ್ಲಿಗೆ ತುಂಬುವುದೂ ಹವಾ, ಸಂಜೆ ಮಾಳಿಗೆಯ ಮೇಲೆ ಕುಳಿತು ತಿನ್ನುವುದೂ ಹವಾ.

“ಹವಾನೇನು? ಹಂಗಂತ ಮುಂಜಾನೆನೇ ಹೇಳಬಾರದಿತ್ತೇನು ಸಾಹೇಬ್ರ?” ಎಂದ ಅಯ್ಯಪ್ಪ, ಟ್ರಂಕನ್ನು ಕಾಲಿನಿಂದ ಒಳಕ್ಕೆ ನೂಕಿ. ಡಿಪ್ಲೊಮಾ ಓದಿದ ಹಣಮಂತ್ರಾಯನಿಗೆ ಆ ಎರಡಕ್ಷರ ದಿನವಿಡೀ ಹೊಳೆದಿರಲಿಲ್ಲ.

ರತ್ನಾಬಾಯಿ ಹಜರಾಬಿಯನ್ನು ನೋಡಿದರು, ಹಾಳೆಯನ್ನು ನೋಡಿದರು, ಟ್ರಂಕು ನೋಡಿದರು. ಕನ್ನಡಕದ ಹಿಂದೆ ಏನೋ ಬೆಳಗಿತು. ಜನರ ಕಡೆ ತಿರುಗಿ, “ಕೇಳಿದ್ರಿಲ್ಲೋ? ಗಾಳಿ ಇಲ್ಲ. ಹವಾ ಎಷ್ಟದ ಅಂತ ನೋಡಾಕ ನಾ ಬಂದೀನಿ” ಎಂದು ಆ ಊರಿನದೇ ಮಾತಿನಲ್ಲಿ ಹೇಳಿ, ಒಳಗೆ ನಡೆದರು.

ಹಜರಾಬಿ ಮತ್ತೆ ಲೋಬಾನ ಹಾಕಿದಳು. ಸಿಕಂದರ ಎಂಟೂ ಕಿಟಕಿಗಳನ್ನು ತೆರೆದು, ಒಂದೊಂದರ ಪಕ್ಕದಲ್ಲೂ ಒಂದು ಕ್ಷಣ ಮದುಮಗನಂತೆ ನಿಂತ. ರತ್ನಾಬಾಯಿ ತಮ್ಮ ಯಂತ್ರ ಹಿಡಿದು ನೋಡಿದರು, ಟೇಪು ಹಿಡಿದು ನೋಡಿದರು, ಹೊಗೆಯ ಹಿಂದೆ ನಡೆದು ನೋಡಿದರು. ಹಣಮಂತ್ರಾಯನ ಲೆಕ್ಕದ ಹಾಳೆಯಲ್ಲಿ ಅವರಿಗೆ ತಿದ್ದಲು ಒಂದು ಅಂಕಿಯೂ ಸಿಗಲಿಲ್ಲ.

“ಇಪ್ಪತ್ನಾಕು ಮಂದಿಗಿ ಬರೋಬ್ಬರಿ ಅದ” ಎಂದು ಪೆನ್ನು ತೆಗೆದರು. “ಇಷ್ಟು ಚೊಕ್ಕ ಲೆಕ್ಕ ನಾ ದೊಡ್ಡ ಊರಾಗೂ ನೋಡಿಲ್ಲ. ಈ ಒಂದು ಕಲಂ ಉಳದದ. ಇವತ್ತಿಗಿ ದಾಖಲಾದ ಹುಡಿಗ್ಯಾರೆಷ್ಟು?”

“ಇಪ್ಪತ್ನಾಕು ರಿ” ಎಂದ ಹಣಮಂತ್ರಾಯ.

“ಇಪ್ಪತ್ನಾಕು ಎಲ್ಲಿದು?” ಹಿಂದಿನಿಂದ ಗುರಣ್ಣ ಮಾಸ್ತರರ ದನಿ ಬಂತು. ಅವರು ಹಾಜರಿ ಪುಸ್ತಕವನ್ನು ಎತ್ತಿ ಹಿಡಿದಿದ್ದರು, ಮುಖ ಮುಂಬಾಗಿಲಿಗಿಂತ ಹೆಚ್ಚು ಹೊಳೆಯುತ್ತಿತ್ತು. “ನಲವತ್ತೆಂಟು. ಹೋದವರೆಲ್ಲಾ ತಿರುಗಿ ಬಂದಾರ, ಮ್ಯಾಲ ಇಪ್ಪತ್ನಾಕು ಹೊಸಾವು. ನಿನ್ನ ಶಿಕ್ಕಾದ ಫೋಟೋ ಊರೂರಿಗಿ ಮುಟ್ಟ್ಯಾದ ತಮ್ಮಾ. ಗಾಳಿ ಇಲ್ಲ ಅಂತ ಇಂಜಿನಿಯರ್ ಬರದು ಕೊಟ್ಟ ಹಾಸ್ಟೆಲ್ ಮೂರೂ ತಾಲ್ಲೂಕಿನ್ಯಾಗ ಇದೊಂದೇ ಅಂತ. ಫೋನ್ ಮ್ಯಾಲ ಫೋನು. ಯಾರಿಗಿ ಇಲ್ಲನ್ನಲಿ ಹೇಳು? ಹೊರಸಿನ ಮ್ಯಾಲ ಒಬ್ಬಾಕಿ, ಕೆಳಗ ಒಬ್ಬಾಕಿ.”

ಹಣಮಂತ್ರಾಯ ಬಾಯಿಲೆಕ್ಕ ಮಾಡಿದ. ಬೆಳಿಗ್ಗೆ ಇಪ್ಪತ್ತನಾಲ್ಕು ಹುಡುಗಿಯರಿಗೆ ಅರ್ಧ ಗಾಳಿ ಇತ್ತು. ಎಂಟು ಕಿಟಕಿ ಕಿತ್ತು, ಎಂಟು ಕಿಟಕಿ ಕೂಡಿಸಿ, ದಿನವಿಡೀ ಬೆವರು ಸುರಿಸಿದ ಮೇಲೆ ಈಗ ನಲವತ್ತೆಂಟು ಹುಡುಗಿಯರಿಗೆ ಸರಿಯಾಗಿ ಅರ್ಧ ಗಾಳಿ ಇತ್ತು.

ರತ್ನಾಬಾಯಿ ಪೆನ್ನನ್ನೂ ಹಾಜರಿ ಪುಸ್ತಕವನ್ನೂ ಅವನ ಮುಂದಿಟ್ಟರು. “ಈ ಕಲಂ ನೀವೇ ತುಂಬಬೇಕು. ಕಡೀ ಇಪ್ಪತ್ನಾಕು ಹೆಸರು ಹೊಡದು ಹಾಕಿದ್ರ ಈಗಿಂದೀಗ ಪಾಸು” ಎಂದು ಮೆಲ್ಲಗೆ ಹೇಳಿದರು. “ಇಲ್ಲಂದ್ರ ಮತ್ತ ನಾ ಬರೋದು ಆರು ತಿಂಗಳಿಗಿ.”

ಹಣಮಂತ್ರಾಯ ಪುಸ್ತಕ ತೆರೆದ. ಹೊಸ ಹೆಸರುಗಳ ಮುಂದೆ ಮಾಸ್ತರರು ಊರು, ಹಿಡಿಯುವ ಬಸ್ಸು, ಏಳುವ ಹೊತ್ತು ಎಲ್ಲ ಬರೆದಿದ್ದರು. ಒಬ್ಬಳು ನಾಲ್ಕೂವರೆಗೆ ಏಳುತ್ತಿದ್ದಳು. ಇನ್ನೊಬ್ಬಳ ಊರಿಗೆ ಬಸ್ಸೇ ಇರಲಿಲ್ಲ, ಕಾಲುವೆಯ ಏರಿಯ ಮೇಲೆ ಎರಡು ಮೈಲಿ ನಡೆದು ಬಸ್ಸು ಹಿಡಿಯುತ್ತಿದ್ದಳು. ಅವನು ಪೆನ್ನನ್ನು ಮೊದಲ ಹೆಸರಿನ ಮೇಲಿಟ್ಟ, ತೆಗೆದ. ಎರಡನೆಯದರ ಮೇಲಿಟ್ಟ, ತೆಗೆದ. ಆಮೇಲೆ ಪುಸ್ತಕ ಮುಚ್ಚಿ, ಫೈಲಿನ ಆ ಕಲಮಿನಲ್ಲಿ ದುಂಡಗೆ ‘೪೮’ ಎಂದು ಬರೆದು, ಫೈಲನ್ನು ಮೇಡಂ ಕಡೆ ಸರಿಸಿದ.

“ಸಿಕಂದರಾ, ಆ ಕಡಿ ಗ್ವಾಡ್ಯಾಗ ಇನ್ನೆಂಟು ಕಿಡಕಿ ಕೂಡ್ತಾವೇನು ನೋಡು” ಎಂದಷ್ಟೇ ಹೇಳಿದ.

“ಕೂಡ್ತಾವ್ರಿ” ಎಂದ ಸಿಕಂದರ, ಗೋಡೆಯ ಕಡೆ ನೋಡದೆಯೇ. “ನಾಕು ಬೈ ಮೂರಾದ್ರ.”

ರತ್ನಾಬಾಯಿ ‘ಗಾಳಿ ಸಾಲದು, ಮುಂದಿನ ಭೇಟಿಗೆ’ ಎಂದು ಬರೆದರು. ಬರೆಯುವಾಗ ಅವರ ಕೈ ಎರಡು ಸಲ ತಡೆಯಿತು. ಹಣಮಂತ್ರಾಯ ಕಾರಿನವರೆಗೆ ಅವರ ಫೈಲು ಹೊತ್ತು ತಂದುಕೊಟ್ಟ. ಅವರು ಒಳಗೆ ಕುಳಿತು, ಗಾಜು ಇಳಿಸಿ, ಡ್ರೈವರನಿಗೆ ಕೇಳಿಸದಂತೆ ತಲೆ ಹೊರಗೆ ಚಾಚಿದರು.

“ನಾ ಸುರಪುರದ ಸೊಸಿ ರಿ. ಹೊಸಾ ಮನಿ ಕಟ್ಟಿಸಿ ಎರಡು ವರ್ಷ ಆತು, ಅದರಾಗ ಗಾಳಿ ಅದ ಅಂತ ನಮ್ಮ ಅತ್ತಿ ಒಳಗ ಕಾಲಿಡಾಕ ಒಲ್ಲೆ ಅಂತಾರ. ಐತಾರ ರಜಾ ದಿನ ಬಿಡುವಿದ್ರ ನಿಮ್ಮ ಮಷಿನ್ ಹಿಡಕೊಂಡು ಬಂದು ಅಂಥಾದ್ದೇ ಒಂದು ಕಾಗದ ಬರದು ಕೊಡ್ರಿ. ಶಿಕ್ಕಾ ಮಾತ್ರ ಮರೀಬ್ಯಾಡ್ರಿ.”